ಬೀಸೋ ಕಲ್ಲಿನ ಪಕ್ಕದ ಜಾಗ

ಉದ್ದದ ಪೋಸ್ಟು ಇದು. ಪುರುಸೊತ್ತು ಇದ್ದಾಗ ಓದಿ, ಓದದೇ ಲೈಕ್ ಒತ್ತಬೇಡಿ.

ಕಳೆದ ವಾರ ನನ್ನ ಮಗಳಿಗೆ ಒಂದು ಫಾರಂ ಬಂತು. ಡಿಗ್ರಿ ಮುಗಿಸಿ ವರ್ಷ ಅಲೆದ ಮೇಲೆ ಸಿಕ್ಕಿರೋ ಕೆಲಸ ಅದು. ಮನೇಲೇ ಕೂತು ಫೋನಲ್ಲಿ ಗ್ರಾಹಕರ ದೂರು ಕೇಳಿ ಕಂಪ್ಯೂಟರಿಗೆ ಹಾಕೋದು. ಕೆಲಸಕ್ಕೆ ಸೇರೋಕೆ ಮುಂಚೆ ಕಂಪನಿಯವರಿಗೆ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕಂತೆ. ನಿಮ್ಮ ಮನೆಯಲ್ಲಿ ಪ್ರತ್ಯೇಕ ಕೋಣೆ ಇದೆಯೇ? ಅದಕ್ಕೆ ಬಾಗಿಲು ಇದೆಯೇ? ಹೊರಗಿನ ಸದ್ದು ಕೇಳಿಸುತ್ತದೆಯೇ? ಮೇಜು ಮತ್ತು ಬೆನ್ನಿಗೆ ಆಸರೆ ಇರುವ ಕುರ್ಚಿ ಇದೆಯೇ? ಕೊನೆಗೆ, ಕೆಲಸ ಮಾಡುವ ಜಾಗದ ಫೋಟೋ ಲಗತ್ತಿಸಿ.

ನಮ್ಮದು ಅಪ್ಪನ ಕಾಲದ ಜನತಾ ಮನೆ. ಒಂದು ನಡುಮನೆ, ಒಂದು ಅಡುಗೆಮನೆ, ಹಿಂದೆ ನಾನು ಸಾಲ ಮಾಡಿ ಇಳಿಸಿದ ಶೀಟಿನ ಕೋಣೆ. ಅದರಲ್ಲಿ ಅವ್ವನ ಮಂಚ, ನನ್ನ ಹೆಂಡತಿಯ ಹೊಲಿಗೆ ಮಿಷನ್ನು, ಅಕ್ಕಿ ಮೂಟೆ. ಒಟ್ಟು ಐದು ಜನ. ಮಗಳು ಫೋನು ಕೈಯಲ್ಲಿ ಹಿಡ್ಕೊಂಡು ಮೂರೂ ಕಡೆ ಸುತ್ತಿ ಬಂದು ಕೇಳಿದಳು: "ಅಪ್ಪಾ, ಯಾವ ಗೋಡೆ ತೋರಿಸ್ಲಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರದೆ ಯೋಚನೆ ಮಾಡ್ತಾ ಹೋದೆ. ಈ "ಮನೆಯಲ್ಲಿ ಓದೋ ಜಾಗ, ಮನೆಯಲ್ಲಿ ಕೆಲಸದ ಜಾಗ" ಅನ್ನೋದಕ್ಕೂ ಒಂದು ಚರಿತ್ರೆ ಇದೆಯಲ್ಲ, ಅದನ್ನ ಯಾರೂ ಬರೆದಂಗೆ ಕಾಣೆ. ಯೂಟ್ಯೂಬಿನಲ್ಲಿ ಹುಡುಕಿದರೆ ಎಡಗಡೆಯಿಂದ ಬೆಳಕು ಬರಲಿ, ಮೇಜಿನ ಮೇಲೆ ಒಂದು ಪುಟ್ಟ ಗಿಡ ಇಡಿ, ಗೋಡೆಗೆ ತಿಳಿ ಬಣ್ಣ ಹೊಡೆಸಿ ಅಂತಾರೆ. ಸರಿ ಸ್ವಾಮಿ, ಗೋಡೆ ಇದ್ದವರು ಬಣ್ಣ ಹೊಡೆಸ್ತಾರೆ.

ಮೊದಲು ಒಂದು ಮಾತು ಹೇಳಿಬಿಡ್ತೀನಿ. ಮನೆಯಿಂದ ಕೆಲಸ ಮಾಡೋದು ಕೋವಿಡ್ ಜೊತೆ ಬಂದ ಹೊಸ ಸಂಗತಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಹೆಂಗಸರು ತಲೆಮಾರುಗಳಿಂದ ಅದನ್ನೇ ಮಾಡ್ಕೊಂಡು ಬಂದಿದ್ದಾರೆ. ಬೀಡಿ ಕಟ್ಟೋದು ಮನೆಯಲ್ಲಿ, ಊದುಬತ್ತಿ ಹೊಸೆಯೋದು ಮನೆಯಲ್ಲಿ. 1966ರ ಬೀಡಿ ಕಾರ್ಮಿಕರ ಕಾಯ್ದೆ ನೋಡಿ, ಎಲೆ-ಹೊಗೆಸೊಪ್ಪು ತಗೊಂಡುಹೋಗಿ ಮನೆಯಲ್ಲಿ ಬೀಡಿ ಕಟ್ಟೋರನ್ನೂ ಕಾರ್ಮಿಕರು ಅಂತಲೇ ಅದು ಲೆಕ್ಕಕ್ಕೆ ತಗೊಂಡಿತ್ತು. ಅಷ್ಟು ಜನ ಮನೆಯಲ್ಲೇ ದುಡೀತಿದ್ದರು ಅಂತ ಅರ್ಥ. ಅದಕ್ಕೂ ಹಿಂದೆ ಹೋದರೆ ತೊಗಲಿನ ಕೆಲಸ ಮಾಡೋರ ಅಂಗಳದಲ್ಲಿ ತೊಗಲು ನೆನೆಸೋ ಬಾನಿ, ನೇಯೋರ ಮನೆಯ ನಡುವೆ ಮಗ್ಗದ ಗುಂಡಿ. ಆ ಮನೆಗಳ ನಕ್ಷೆಯನ್ನೇ ದುಡಿಮೆ ಬರೆದಿತ್ತು. ಮಗ್ಗಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಬಿಟ್ಟು ಉಳಿದಿದ್ದರಲ್ಲಿ ಮಲಗೋದು, ಉಣ್ಣೋದು, ಹೆರೋದು, ಸಾಯೋದು.

ನಮ್ಮವ್ವನೂ ಊದುಬತ್ತಿ ಹೊಸೆದವಳೇ. ಸಾವಿರಕ್ಕೆ ಇಷ್ಟು ಅಂತ ಕೂಲಿ. ಮುಂದೆ ಒಂದು ಗಿಡ್ಡ ಮಣೆ, ಅದರ ಮೇಲೆ ಕಪ್ಪು ಮಸಾಲೆ. ರಾತ್ರಿ ಅವಳ ಕೆಲಸ ಮುಗಿದ ಮೇಲೆ ಆ ಮಣೆ ನನಗೆ ಬರ್ತಿತ್ತು. ಎಷ್ಟು ಒರೆಸಿದರೂ ಮಸಾಲೆ ಪೂರ್ತಿ ಹೋಗ್ತಿರಲಿಲ್ಲ, ನನ್ನ ಹೋಂವರ್ಕ್ ಪುಸ್ತಕದ ತುಂಬಾ ಕಪ್ಪು ಬೆರಳಿನ ಗುರುತು. ಮೇಷ್ಟ್ರು ಪುಸ್ತಕವನ್ನ ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿದ್ದು ಇನ್ನೂ ನೆನಪಿದೆ. ಹೋಗ್ಲಿ ಬಿಡಿ, ಅದು ಬೇರೆ ಕಥೆ.

ನಾನು ಹೇಳಬೇಕು ಅಂತಿರೋದು ಇಷ್ಟು: ನಮ್ಮ ಮನೆಗಳಲ್ಲಿ ದುಡಿಮೆಗೆ ಯಾವಾಗಲೂ ಜಾಗ ಇತ್ತು. ಓದಿಗೆ, ಬರಹಕ್ಕೆ ಇರಲಿಲ್ಲ. ಅದು ಯಾಕೆ ಇರಲಿಲ್ಲ ಅನ್ನೋದು ಬಡತನದ ಪ್ರಶ್ನೆ ಮಾತ್ರ ಅಲ್ಲ.

ಇದೇ ಊರಿನ ಇನ್ನೊಂದು ಮನೆ ನೋಡಿ. ಹಳೇ ಮೈಸೂರಿನಲ್ಲಿ ಮನೆಯಿಂದ ಕೆಲಸ ಮಾಡಿದ ಸರ್ಕಾರಿ ಮನುಷ್ಯ ಯಾರು ಅಂತ ಕೇಳಿದರೆ, ಶಾನುಭೋಗ. ಗುಮಾಸ್ತಗಿರಿಯಲ್ಲಿ ಹಳೇ ಕಡತಗಳ ಧೂಳು ಕುಡಿದವನು ನಾನು, ಅವರ ಮೋಡಿ ಅಕ್ಷರ ಕಂಡರೆ ಈಗಲೂ ಕಣ್ಣು ಉರಿಯುತ್ತೆ. ಊರಿನ ಲೆಕ್ಕ, ಪಹಣಿ, ಕಂದಾಯದ ಪುಸ್ತಕ ಎಲ್ಲ ಇರ್ತಿದ್ದದ್ದು ಅವರ ಮನೆಯಲ್ಲಿ. ಕಚೇರಿ ಅಂದರೆ ಅವರ ಪಡಸಾಲೆ. ಅಲ್ಲಿ ಕಾಲು ಮಡಚಿ ಕೂರೋರಿಗೆ ಸರಿಯಾದ ಗಿಡ್ಡ ಇಳಿಜಾರು ಡೆಸ್ಕು, ಮುಚ್ಚಳ ಎತ್ತಿದರೆ ಒಳಗೆ ಕಾಗದ, ಲೇಖಣಿ. ಬೀದಿ ಕಡೆ ಜಗುಲಿ. ಬೆಳಕು, ಗಾಳಿ, ನೆರಳು, ಬಂದವರು ಕೂರೋಕೆ ಜಾಗ, ಒಳಮನೆಗೆ ತೊಂದರೆ ಆಗದ ಹಾಗೆ ನಡುವೆ ಒಂದು ಬಾಗಿಲು. ಇವತ್ತು ಹೋಂ ಆಫೀಸು ಅಂತ ಇಂಜಿನಿಯರುಗಳು ದುಡ್ಡು ತಗೊಂಡು ಏನು ಹೇಳ್ತಾರೋ ಅದೆಲ್ಲ ಆ ಪಡಸಾಲೆಯಲ್ಲಿ ಇತ್ತು. ಕೂಲಿಮಠ ನಡೀತಿದ್ದದ್ದೂ ಇಂಥ ಜಗುಲಿಗಳಲ್ಲೇ.

ಅದೇ ಕಚೇರಿಯ ಇನ್ನೊಬ್ಬ ನೌಕರ ತೋಟಿ. ನಮ್ಮವನು. ಯಾವ ಹೊಲದ ಎಲ್ಲೆ ಎಲ್ಲಿ, ಯಾವ ಬಾಂದುಕಲ್ಲು ಯಾರು ಯಾವಾಗ ಕಿತ್ತರು, ಯಾರ ಬೆಳೆ ಎಷ್ಟು ಅಂತ ಅವನ ಬಾಯಲ್ಲಿ ಇರ್ತಿತ್ತು. ಶಾನುಭೋಗರು ಪಡಸಾಲೆಯಲ್ಲಿ ಕೂತು ಕೇಳೋರು, ಇವನು ಅಂಗಳದ ಆಚೆ ನಿಂತು ಹೇಳೋನು. ನಿಂತವನ ನೆನಪು ಕೂತವನ ಕಾಗದ ಆಗ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದು, 1963ರಲ್ಲಿ ಜಾರಿಯಾಗಿ, ವಂಶಪಾರಂಪರ್ಯದ ಹುದ್ದೆಗಳು ಹೋದವು. ಆದರೆ ಪಡಸಾಲೆ ಎಲ್ಲಿ ಹೋಗುತ್ತೆ? ಅದು ಮನೆಯಲ್ಲೇ ಉಳೀತು. ಆ ಮನೆಯ ಮಕ್ಕಳು ಅಲ್ಲೇ ಕೂತು ಓದಿ ಇಂಜಿನಿಯರಾದರು. ತೋಟಿ ಇನಾಮು ಜಮೀನು ರೀಗ್ರಾಂಟ್ ಮಾಡಿಸ್ಕೊಳ್ಳೋಕೆ ನಮ್ಮವರು ಇವತ್ತಿಗೂ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿ ಇಳೀತಿದ್ದಾರೆ.

ಈಗ ಬಾಬಾಸಾಹೇಬರ ಕಡೆ ಬರೋಣ. ಅವರ ಬದುಕನ್ನ ನಾವು ಹೋರಾಟಗಳ ಸಾಲಾಗಿ ಓದ್ತೀವಿ. ಮಹಾಡ್, ಪೂನಾ ಒಪ್ಪಂದ, ಸಂವಿಧಾನ, ನಾಗಪುರ. ಆ ರಾತ್ರಿ ನಾನು ಬೇರೆ ಥರ ಓದಿದೆ. ಈ ಮನುಷ್ಯ ಎಲ್ಲೆಲ್ಲಿ ಕೂತು ಓದಿದರು ಅಂತ ಮಾತ್ರ ನೋಡ್ತಾ ಹೋದೆ.

ಮೊದಲನೇ ಜಾಗ ಬಾಂಬೆಯ ಪರೇಲ್ ಕಡೆಯ ಡಬಕ್ ಚಾಳು. ಗಿರಣಿ ಕೂಲಿಗಳು ಇರೋ ವಠಾರ. ಸುಬೇದಾರ್ ರಾಮ್‌ಜಿ ಸಕ್ಪಾಲರ ಇಡೀ ಸಂಸಾರಕ್ಕೆ ಒಂದೇ ಕೋಣೆ. ಧನಂಜಯ ಕೀರ್ ಬರೆದ ಜೀವನ ಚರಿತ್ರೆಯಲ್ಲಿ ಆ ಕೋಣೆಯ ಚಿತ್ರ ಇದೆ. ಪಾತ್ರೆ ಪಗಡೆ, ಸೌದೆ, ಒಲೆ ಹೊಗೆ, ಜನ. ತಲೆ ಹತ್ರ ಬೀಸೋ ಕಲ್ಲು, ಪಕ್ಕದಲ್ಲೇ ಕಟ್ಟಿದ ಆಡು. ಎಲ್ಲರೂ ಒಟ್ಟಿಗೆ ಕಾಲು ಚಾಚೋಕೂ ಜಾಗ ಇಲ್ಲ. ಅದಕ್ಕೆ ಅಪ್ಪ ಒಂದು ಉಪಾಯ ಮಾಡಿದ. ಮಗನನ್ನ ಬೇಗ ಮಲಗಿಸೋದು, ತಾನು ರಾತ್ರಿ ಎರಡರ ತನಕ ಎಚ್ಚರ ಇರೋದು. ಎರಡಕ್ಕೆ ಮಗನನ್ನ ಎಬ್ಬಿಸಿ ಓದೋಕೆ ಕೂರಿಸಿ, ಅವನು ಎದ್ದ ಜಾಗದಲ್ಲಿ ತಾನು ಮಲಗೋದು. ಎಣ್ಣೆ ದೀಪದ ಮಿಣುಕು ಬೆಳಕಲ್ಲಿ ಆ ಹುಡುಗ ಬೆಳಗಿನ ತನಕ ಓದೋನು.

ಇದನ್ನ ನಾನು ಭಾಷಣಗಳಲ್ಲಿ ಎಷ್ಟೋ ಸಲ ಹೇಳಿದ್ದೀನಿ, ಚಪ್ಪಾಳೆನೂ ತಗೊಂಡಿದ್ದೀನಿ. ಕಷ್ಟಪಟ್ಟು ಓದಿದರು, ನೀವೂ ಓದಿ ಅಂತ. ಈಗ ಅನ್ನಿಸುತ್ತೆ, ನಾನು ಹುಡುಗನನ್ನ ಮಾತ್ರ ನೋಡಿದೆ, ಅಪ್ಪನನ್ನ ನೋಡಲಿಲ್ಲ. ಆ ಅಪ್ಪ ಮಾಡಿದ್ದು ಮನೆಯ ವಿನ್ಯಾಸ. ಜಾಗ ಹೆಚ್ಚಿಸೋಕೆ ಆಗಲಿಲ್ಲ, ಹೊತ್ತನ್ನ ಎರಡು ಭಾಗ ಮಾಡಿದ. ಮಗನ ಓದಿನ ಕೋಣೆಗೆ ಗೋಡೆ ಅಂತ ಇದ್ದದ್ದು ಅವನ ನಿದ್ದೆಗೆಟ್ಟ ಕಣ್ಣು.

ಎರಡನೇ ಜಾಗ ಮನೆಯೇ ಅಲ್ಲ. ಚರ್ನಿ ರೋಡಿನ ಪಾರ್ಕು. ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹೋಗೋ ಹುಡುಗ ಸ್ಕೂಲು ಬಿಟ್ಟಮೇಲೆ ಅಲ್ಲಿ ಕೂತು ಪಾಠ ಬಿಟ್ಟು ಬೇರೆ ಬೇರೆ ಪುಸ್ತಕ ಓದೋನು. ಅಲ್ಲೇ ಕಂಡದ್ದು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಅನ್ನೋ ಮೇಷ್ಟ್ರು. ಹುಡುಗ ಮೆಟ್ರಿಕ್ ಪಾಸಾದಾಗ ನಡೆದ ಅಭಿನಂದನಾ ಸಭೆಯಲ್ಲಿ ಅವರು ತಾವೇ ಬರೆದ ಬುದ್ಧನ ಚರಿತ್ರೆಯನ್ನ ಕೈಗೆ ಕೊಟ್ಟರು. 1956ರ ನಾಗಪುರದ ಒಂದು ಬೇರು ಆ ಪಾರ್ಕಿನ ಬೆಂಚಿನ ಹತ್ರ ಸಿಗುತ್ತೆ.

ಪಾರ್ಕು ಅಂದಕೂಡಲೇ ಬರೋಡ. 1917. ಕೊಲಂಬಿಯಾ, ಲಂಡನ್ ನೋಡಿ ಬಂದ ಮೇಲೆ ಬರೋಡ ಸಂಸ್ಥಾನದ ದೊಡ್ಡ ನೌಕರಿ. ಊರಲ್ಲಿ ಒಬ್ಬರೂ ಮನೆ ಕೊಡಲಿಲ್ಲ. ಪಾರ್ಸಿಗಳ ಒಂದು ತಂಗುಮನೆಯಲ್ಲಿ ಪಾರ್ಸಿ ಹೆಸರು ಬರೆಸಿ ಉಳ್ಕೊಂಡರು. ಮಹಡಿ ಮೇಲೆ ಒಂದು ಚಿಕ್ಕ ಮಲಗೋ ಕೋಣೆ, ಪಕ್ಕದಲ್ಲಿ ಒಂದು ದೊಡ್ಡ ಹಾಲು. ಆ ಹಾಲಿನ ತುಂಬಾ ಮುರಿದ ಬೆಂಚು, ಹಲಗೆ, ಕುರ್ಚಿ. ಕರೆಂಟಿಲ್ಲ, ಒಂದು ಲಾಟೀನು, ಹಾರಾಡೋ ಬಾವಲಿ. ಇದೆಲ್ಲ ಅವರೇ ಬರೆದಿರೋದು. ಒಂಟಿತನ ತಡೆಯೋಕೆ ಓದ್ತಾ ಕೂರ್ತಿದ್ದೆ ಅಂತಲೂ ಬರೀತಾರೆ. ಜಾಗ ಬೇಕಾದಷ್ಟು ಇತ್ತು ಅಲ್ಲಿ, ಗಮನಿಸಿ. ಆದರೆ ಅದು ಸುಳ್ಳು ಹೆಸರಿನ ಜಾಗ. ಹನ್ನೊಂದನೇ ದಿನ ದೊಣ್ಣೆ ಹಿಡಿದ ಒಂದು ಡಜನ್ ಜನ ಮೆಟ್ಟಿಲು ಹತ್ತಿ ಬಂದರು. ಸಂಜೆ ಒಳಗೆ ಖಾಲಿ ಮಾಡು ಅಂದರು. ಆ ಸಂಜೆ ಬಾಂಬೆ ರೈಲಿನ ಹೊತ್ತಾಗೋ ತನಕ ಕಾಮಾಟಿ ಬಾಗ್ ಅನ್ನೋ ಪಾರ್ಕಿನಲ್ಲಿ ಕೂತಿದ್ದರು. ಒಂದು ಪಾರ್ಕಿನಲ್ಲಿ ಬುದ್ಧನ ಪುಸ್ತಕ ಕೊಡೋ ಮನುಷ್ಯ ಸಿಕ್ಕಿದ್ದ. ಈ ಪಾರ್ಕಿನಲ್ಲಿ ಯಾರೂ ಇರಲಿಲ್ಲ.

ಕಚೇರಿಯಲ್ಲೂ ಅದೇ ಹಾಡು. ಜವಾನರು ಫೈಲನ್ನ ದೂರದಿಂದ ಎಸೀತಿದ್ದರು. ಅಂದರೆ ಆ ಊರಲ್ಲಿ ಅವರಿಗೆ ಕೆಲಸ ಮಾಡೋ ಮೇಜೂ ಇಲ್ಲ, ಮನೆಗೆ ಬಂದು ಓದೋ ಮೇಜೂ ಇಲ್ಲ.

ಆಮೇಲೆ ಪರೇಲಿನ ಬಿಐಟಿ ಚಾಳು. 1896ರ ಪ್ಲೇಗು ಬಾಂಬೆಯನ್ನ ಅಲ್ಲಾಡಿಸಿದ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಅಂತ ಹುಟ್ಟಿತು. ಕೆಲಸದ ಜನಕ್ಕೆ ಅದು ಕಟ್ಟಿಸಿದ ವಠಾರಗಳಲ್ಲಿ ಇದೂ ಒಂದು. ಉದ್ದಕ್ಕೆ ಓಣಿ, ಸಾಲು ಕೋಣೆ, ಎಲ್ಲರಿಗೂ ಸೇರಿ ನಲ್ಲಿ. 1912ರಿಂದ 1934ರ ತನಕ ಬಾಬಾಸಾಹೇಬರ ವಿಳಾಸ ಇದೇ. ಎರಡನೇ ಮಹಡಿ, 50 ಮತ್ತು 51ನೇ ನಂಬರಿನ ಕೋಣೆಗಳು. ಎರಡು ಕೋಣೆ ಇದ್ದದ್ದರಿಂದ ಒಂದರಲ್ಲಿ ಸಂಸಾರ, ಇನ್ನೊಂದರಲ್ಲಿ ಓದು, ಬರಹ, ಬಂದು ಹೋಗೋ ಜನ. ಮೂಕನಾಯಕ ಶುರುವಾದ 1920ರಲ್ಲಿ, ಮಹಾಡ್ ಕೆರೆಗೆ ಹೋದ 1927ರಲ್ಲಿ, ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹಡಗು ಹತ್ತಿದ 1930ರಲ್ಲಿ, ಮನೆ ಅಂತ ಇದ್ದದ್ದು ಈ ಎರಡು ಕೋಣೆ. ಪ್ರಧಾನಮಂತ್ರಿ ಪಕ್ಕ ಕೂತು ಮಾತಾಡಿ ಬಂದವರು ವಠಾರದ ನಲ್ಲಿ ನೀರಿಗೆ ಬರೋರು.

ಓದಿನ ಆ ಕೋಣೆಯ ಬಾಡಿಗೆಯನ್ನ ಯಾರು ಕಟ್ಟಿದರು ಅಂತ ಕೇಳ್ಕೊಳ್ಳಿ. ದುಡ್ಡಿನ ಬಾಡಿಗೆ ಅಲ್ಲ. ರಮಾತಾಯಿ. ಗಂಡ ಸಮುದ್ರದ ಆಚೆ ಓದ್ತಾ ಇದ್ದ ವರ್ಷಗಳಲ್ಲಿ ಸಗಣಿ ತಂದು ಬೆರಣಿ ತಟ್ಟಿ ಸಂಸಾರ ನಡೆಸಿದವಳು. ಹೆತ್ತ ಮಕ್ಕಳನ್ನ ಒಂದೊಂದಾಗಿ ಮಣ್ಣು ಮಾಡಿದವಳು. 1926ರಲ್ಲಿ ರಾಜರತ್ನನೂ ಹೋದ. ಒಂದು ಕೋಣೆಯನ್ನ ಪುಸ್ತಕಕ್ಕೆ ಬಿಟ್ಟುಕೊಟ್ಟು ಇನ್ನೊಂದರಲ್ಲಿ ಅಡುಗೆ, ಬಾಣಂತನ, ಕಾಯಿಲೆ, ಸಾವು ಎಲ್ಲವನ್ನೂ ಹಿಡಿಸಿದವಳು ಅವಳು. ಓದೋ ಕೋಣೆಯ ನಿಶ್ಶಬ್ದ ಅಂದರೆ ಪಕ್ಕದ ಕೋಣೆಯಲ್ಲಿ ಒಬ್ಬಳು ಸದ್ದು ಮಾಡದೆ ಇರೋದು. ನಮ್ಮ ಚಳವಳಿಯ ಗಂಡಸರು ಇದನ್ನ ಎರಡು ಸಲ ಓದ್ಕೊಳ್ಳಿ, ನನ್ನನ್ನೂ ಸೇರಿಸಿ ಹೇಳ್ತಿದೀನಿ. ನನ್ನ ಹೆಂಡತಿ ನಾನು ಭಾಷಣ ಬರೆಯೋವಾಗ ಮಿಷನ್ನು ತುಳಿಯೋದು ನಿಲ್ಲಿಸ್ತಾಳೆ. ನಿಲ್ಲಿಸಿದಷ್ಟು ಹೊತ್ತು ಅವಳಿಗೆ ಕೂಲಿ ಇಲ್ಲ ಅಂತ ನನಗೆ ಹೊಳೆದಿದ್ದು ಈ ವಾರ.

ಲಂಡನ್ನಿನ ಬಗ್ಗೆ ಬೇಗ ಹೇಳಿ ಮುಂದೆ ಹೋಗ್ತೀನಿ. ಎರಡನೇ ಸಲ ಹೋದಾಗ ಅವರಿದ್ದ 10, ಕಿಂಗ್ ಹೆನ್ರೀಸ್ ರೋಡಿನ ಮನೆಯನ್ನ ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದೆ. ಆದರೆ ಹಗಲೆಲ್ಲ ಅವರು ಕೂತದ್ದು ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಯಲ್ಲಿ, ಬಾಗಿಲು ತೆಗೆಯೋ ಹೊತ್ತಿಗೆ ಹೋಗಿ ಮುಚ್ಚೋ ತನಕ. ಬಾಡಿಗೆ ಕೋಣೆಯಲ್ಲಿ ರಾತ್ರಿ ಹಸಿವಿಗೆ ಸುಟ್ಟ ಹಪ್ಪಳ. ಸಾರ್ವಜನಿಕ ಲೈಬ್ರರಿಯ ಒಂದು ಕುರ್ಚಿ, ಒಂದು ಮೇಜು, ನೀನು ಯಾರು ಅಂತ ಕೇಳದ ಜಾಗ. ಅದು ಅವರ ತಲೆಯಲ್ಲಿ ಉಳೀತು ಅಂತ ನನಗೆ ಅನ್ನಿಸುತ್ತೆ. ಯಾಕಂದರೆ ಮುಂದೆ ಸ್ವಂತ ಮನೆ ಕಟ್ಟೋವಾಗ ಮಾಡಿದ್ದೇನು ನೋಡಿ.

ರಾಜಗೃಹ. ದಾದರಿನ ಹಿಂದೂ ಕಾಲೊನಿಯಲ್ಲಿ, ಮೂವತ್ತರ ದಶಕದ ಆರಂಭದಲ್ಲಿ ಕಟ್ಟಿಸಿದ್ದು. ಬೌದ್ಧರ ಕಾಲದ ರಾಜಗೃಹದ ಹೆಸರು. ಕೆಳಗೆ ಮನೆಯವರು, ಮೇಲೆ ಗ್ರಂಥಾಲಯ, ಕಚೇರಿ. ಕೊನೆಕೊನೆಗೆ ಅವರ ಪುಸ್ತಕ 50 ಸಾವಿರ ದಾಟಿತ್ತು ಅಂತ ಲೆಕ್ಕ. ಯೋಚನೆ ಮಾಡಿ, ಬೀಸೋ ಕಲ್ಲಿನ ಪಕ್ಕ ಕೂತು ಓದಿದ ಹುಡುಗ ಸ್ವಂತ ಮನೆ ಕಟ್ಟಿದಾಗ ದೇವರ ಕೋಣೆಗೋ ಜೋಕಾಲಿಗೋ ಕೊಡಬಹುದಾಗಿದ್ದ ಜಾಗವನ್ನೆಲ್ಲ ಪುಸ್ತಕಕ್ಕೆ ಕೊಟ್ಟರು. ನಮ್ಮ ಜನರಲ್ಲಿ ಓದಿಗೆ ಅಂತಲೇ ನಕ್ಷೆ ಹಾಕಿ ಕಟ್ಟಿದ ಇಂಥ ಮನೆ ಅದಕ್ಕಿಂತ ಮೊದಲು ನನಗಂತೂ ಕಂಡಿಲ್ಲ. ರಮಾತಾಯಿ ಆ ಮನೆಯಲ್ಲಿ ಬಹಳ ದಿನ ಇರಲಿಲ್ಲ. 1935ರ ಮೇ 27ರಂದು ಅಲ್ಲೇ ತೀರಿಕೊಂಡರು.

ಕೊನೆಯ ಮೇಜು ದೆಹಲಿಯ 26, ಅಲಿಪುರ ರೋಡಿನಲ್ಲಿ. ಅಲ್ಲಿ ನಾನಕ್ ಚಂದ್ ರತ್ತು ಅಂತ ಒಬ್ಬರು ಇದ್ದರು. ನಮ್ಮ ಥರದ ಗುಮಾಸ್ತರಿಗೆ ಆ ಹೆಸರು ಬಾಯಿಪಾಠ ಇರಬೇಕು. ಹಗಲು ಸರ್ಕಾರಿ ನೌಕರಿ, ಸಂಜೆ ಬಾಬಾಸಾಹೇಬರ ಮನೆಗೆ ಬಂದು ರಾತ್ರಿ ತನಕ ಟೈಪು. 1956ರ ಡಿಸೆಂಬರ್ 5ರ ರಾತ್ರಿ ಬುದ್ಧ ಮತ್ತು ಅವನ ಧಮ್ಮದ ಮುನ್ನುಡಿಯ ಟೈಪಾದ ಹಾಳೆಗಳನ್ನ ನೋಡೋಕೆ ಅಂತ ಮಂಚದ ಪಕ್ಕ ಇರಿಸ್ಕೊಂಡು ಬಾಬಾಸಾಹೇಬರು ಮಲಗಿದರು. ಬೆಳಗ್ಗೆ ಏಳಲಿಲ್ಲ.

ಒಬ್ಬರಿಗೆ ರಾಜಗೃಹ ಆಯ್ತು, ಉಳಿದವರಿಗೆ? ಇದಕ್ಕೆ ಅವರ ಕಾಲದ ಉತ್ತರ ಹಾಸ್ಟೆಲು. ಮನೆಯಲ್ಲಿ ಜಾಗ ಇಲ್ಲದ ಮಕ್ಕಳಿಗೆ ಮನೆಯ ಆಚೆ ಜಾಗ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಮೊದಮೊದಲು ಮಾಡಿದ ಕೆಲಸಗಳಲ್ಲಿ 1925ರ ಸೊಲ್ಲಾಪುರದ ಹಾಸ್ಟೆಲು ಒಂದು. ಆಗ ನಮ್ಮ ಧಾರವಾಡ ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು, ಆ ದಶಕದ ಕೊನೆಗೆ ಅಲ್ಲೂ ನಮ್ಮ ಮಕ್ಕಳಿಗೆ ಬಾಬಾಸಾಹೇಬರ ಪ್ರಯತ್ನದಿಂದ ಬೋರ್ಡಿಂಗು ಬಂತು. ಅದಕ್ಕೂ ಮೊದಲು ಮಂಗಳೂರಿನಲ್ಲಿ 1892ರಲ್ಲೇ ಕುದ್ಮುಲ್ ರಂಗರಾಯರು ನಮ್ಮ ಮಕ್ಕಳಿಗೆ ಶಾಲೆ ತೆಗೆದು, ಜಾತಿಯವರಿಂದ ಬಹಿಷ್ಕಾರ ಹಾಕಿಸ್ಕೊಂಡಿದ್ದರು. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲು. ಅಲ್ಲಿಂದ ಓದಿ ಬಂದವರಲ್ಲಿ ಕವಿ ಸಿದ್ಧಲಿಂಗಯ್ಯನವರೂ ಒಬ್ಬರು. ಊರುಕೇರಿ ಓದಿದವರಿಗೆ ಶ್ರೀರಾಮಪುರದ ಸ್ಮಶಾನ ನೆನಪಿರುತ್ತೆ. ಮನೆಯಲ್ಲಿ ಜಾಗ ಸಾಲದೆ ಗೋರಿಗಳ ಮಧ್ಯೆ ಹೋಗಿ ಓದ್ತಿದ್ದರು ಅವರು. ಅದನ್ನ ಓದೋವಾಗ ನಗು ಬರೋ ಹಾಗೆ ಬರೆದಿದ್ದಾರೆ. ಅವರ ದೊಡ್ಡತನ ಅದು. ಆದರೆ ಒಂದು ಊರಿನಲ್ಲಿ ಓದೋ ಹುಡುಗನಿಗೆ ಸಿಕ್ಕ ಪ್ರಶಾಂತ ಜಾಗ ಸ್ಮಶಾನ ಅಂದರೆ ನಗೋದು ಕಷ್ಟ.

ಇಲ್ಲೊಂದು ಸಣ್ಣ ಜಗಳ ಆಡಿ ಮುಂದೆ ಹೋಗ್ತೀನಿ. ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದರು ಅನ್ನೋ ಕಥೆಗಳನ್ನ ದಯವಿಟ್ಟು ನಮ್ಮ ಮಕ್ಕಳಿಗೆ ಹೇಳಬೇಡಿ. ಬೀದಿ ದೀಪ ಊರೊಳಗೆ ಇತ್ತು. ಕೇರಿಗೆ ಕಂಬ ಬಂದಿದ್ದು ಎಷ್ಟು ವರ್ಷ ಆದಮೇಲೆ ಅಂತ ನಿಮ್ಮ ನಿಮ್ಮ ಊರಲ್ಲಿ ಕೇಳಿ ನೋಡಿ.

ಸ್ವಾತಂತ್ರ್ಯದ ನಂತರ ಸರ್ಕಾರ ನಮಗೆ ಮನೆ ಕೊಡೋಕೆ ಶುರು ಮಾಡಿತು. ಕೊಟ್ಟಿದ್ದನ್ನ ಇಲ್ಲ ಅನ್ನಲ್ಲ. ಗುಡಿಸಲಿಗೆ ಬೆಂಕಿ ಬೀಳೋ ಭಯ ಹೋಗಿದ್ದೇ ದೊಡ್ಡದು. ಆದರೆ ಆ ಮನೆಗಳ ನಕ್ಷೆ ಹಾಕಿದವರ ಕಣ್ಣಲ್ಲಿ ನಾವು ಏನು ಮಾಡೋ ಜನ ಆಗಿದ್ವಿ ಅಂತ ನೋಡಿ. ಉಣ್ಣೋ ಜನ, ಮಲಗೋ ಜನ. ಭಾಗ್ಯಜ್ಯೋತಿ ಅಂತ ಮನೆಗೆ ಒಂದು ಬಲ್ಬು ಕೊಟ್ಟರು. ಒಂದೇ ಬಲ್ಬನ್ನ ಎಲ್ಲಿ ಹಾಕ್ತೀರಿ? ಅಪ್ಪ ಅಡುಗೆಮನೆ ಮತ್ತು ನಡುಮನೆ ನಡುವಿನ ಗೋಡೆಯ ನೆತ್ತಿಯಲ್ಲಿ ಒಂದು ಇಟ್ಟಿಗೆ ಕೀಳಿಸಿ, ಆ ತೂತಿನಲ್ಲಿ ಬಲ್ಬು ಕೂರಿಸಿದ್ದ. ಅರ್ಧ ಬೆಳಕು ಒಲೆಗೆ, ಅರ್ಧ ನಮಗೆ. ನಾವು ಅಣ್ಣತಮ್ಮಂದಿರು ಗೋಡೆ ಕಡೆ ಬೆನ್ನು ಹಾಕಿ ಕೂತರೆ ನಮ್ಮ ನೆರಳು ನಮ್ಮ ಪುಸ್ತಕದ ಮೇಲೇ. ಕಿಟಕಿನೋ, ಎತ್ತರದಲ್ಲಿ ಒಂದು ಗೂಡು. ನಿಂತವನಿಗೆ ಬೆಳಕು, ನೆಲದ ಮೇಲೆ ಕೂತವನಿಗೆ ಇಲ್ಲ.

ಇಂದಿರಾ ಆವಾಸ್ ಯೋಜನೆ 1985ರಲ್ಲಿ ಪರಿಶಿಷ್ಟರಿಗೆ, ಜೀತ ಬಿಟ್ಟವರಿಗೆ ಅಂತಲೇ ಶುರುವಾದದ್ದು. ಅದರಲ್ಲಿ ಮನೆಯ ಕನಿಷ್ಠ ಅಳತೆ 20 ಚದರ ಮೀಟರು. ಹೊಗೆ ಇಲ್ಲದ ಒಲೆ ಇರಲಿ, ಪಾಯಖಾನೆ ಇರಲಿ ಅಂತ ನಿಯಮದಲ್ಲಿ ಬಂತು, ಒಳ್ಳೇದು. 2016ರಲ್ಲಿ ಅದು ಪ್ರಧಾನಮಂತ್ರಿ ಹೆಸರಿನ ಗ್ರಾಮೀಣ ಯೋಜನೆ ಆದಾಗ ಅಳತೆ 25 ಚದರ ಮೀಟರ್ ಆಯ್ತು. ಅಂದರೆ ಸುಮಾರು 269 ಚದರ ಅಡಿ, ಶುಚಿಯಾಗಿ ಅಡುಗೆ ಮಾಡೋಕೆ ಪ್ರತ್ಯೇಕ ಜಾಗವೂ ಸೇರಿ. ಅಡುಗೆಯ ಜಾಗವನ್ನ ನಿಯಮದಲ್ಲಿ ಬರೆಯೋಕೆ ಆಗುತ್ತೆ ಅಂದಮೇಲೆ ಓದೋ ಜಾಗವನ್ನೂ ಬರೆಯೋಕೆ ಆಗುತ್ತೆ. ಕೂತವರ ಎತ್ತರಕ್ಕೆ ಒಂದು ಕಿಟಕಿ, ಅದರ ಕೆಳಗೆ ಗೋಡೆಗೆ ಕಟ್ಟಿದ ಎರಡಡಿ ಕಡಪ ಕಲ್ಲು, ಅದರ ಪಕ್ಕ ಒಂದು ಪ್ಲಗ್ ಪಾಯಿಂಟು. ಇಷ್ಟೇ. ಯಾರೂ ಬರೀಲಿಲ್ಲ. 2011ರ ಜನಗಣತಿಯಲ್ಲಿ ದೇಶದ ಶೇ. 37ರಷ್ಟು ಕುಟುಂಬಗಳು ಒಂದೇ ಕೋಣೆಯಲ್ಲಿ ಇದ್ದವು. ಅವರಲ್ಲಿ ನಮ್ಮವರು ಎಷ್ಟು ಅಂತ ನಾನು ಹೇಳಬೇಕಾ?

ಹೀಗಿರೋವಾಗ 2020 ಬಂತು. ಶಾಲೆ ಮುಚ್ಚಿ, ಮನೆಯಲ್ಲೇ ಕಲೀರಿ ಅಂದರು. ಅದಕ್ಕೆ ಎರಡು ವರ್ಷ ಮೊದಲು, 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಹೇಳಿತ್ತು, ಹಳ್ಳಿಗಳ ನೂರು ಮನೆಯಲ್ಲಿ ಕಂಪ್ಯೂಟರು ಇರೋದು ನಾಲ್ಕೈದರಲ್ಲಿ, ಇಂಟರ್‌ನೆಟ್ಟು ಸುಮಾರು ಹದಿನೈದರಲ್ಲಿ ಅಂತ. ಫೋನಿನ ಬಗ್ಗೆ ಆಗ ಎಲ್ಲರೂ ಮಾತಾಡಿದರು. ಜಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ನೂರು ವರ್ಷ ಹೋರಾಡಿ ಗಳಿಸಿದ ನಮ್ಮ ಜಾಗ ಅಂದರೆ ಹಾಸ್ಟೆಲು, ಅದಕ್ಕೆ ಮೊದಲು ಬೀಗ ಬಿತ್ತು. ಎಷ್ಟೋ ಹಾಸ್ಟೆಲುಗಳು ಕ್ವಾರಂಟೈನ್ ಕೇಂದ್ರ ಆದವು. ಮಕ್ಕಳು ಟ್ರಂಕು ಹೊತ್ಕೊಂಡು ಅದೇ ಒಂದು ಕೋಣೆಯ ಮನೆಗೆ ವಾಪಸ್ಸು ಬಂದರು, ಬಂದವರಲ್ಲಿ ಎಷ್ಟೋ ಜನ ಅಲ್ಲಿಂದ ಇಟ್ಟಿಗೆ ಗೂಡಿಗೆ, ಗಾರೆ ಕೆಲಸಕ್ಕೆ ಹೋದರು. ಆ ಆಗಸ್ಟಿನಲ್ಲಿ ವಿದ್ಯಾಗಮ ಅಂತ ಬಂತು, ಮೇಷ್ಟ್ರೇ ಊರಿಗೆ ಬಂದು ಮರದ ಕೆಳಗೆ, ಜಗುಲಿ ಮೇಲೆ, ಗುಡಿ ಮುಂದೆ ಪಾಠ ಮಾಡೋದು. ಒಳ್ಳೇ ಯೋಚನೆ. ನಾವು ಕೇಳಿದ್ದು ಒಂದೇ ಪ್ರಶ್ನೆ: ಯಾರ ಜಗುಲಿ, ಯಾವ ಗುಡಿ? ನೂರು ವರ್ಷದ ಹಿಂದೆ ಕೂಲಿಮಠದ ಮುಂದೆ ನಿಂತು ಕೇಳಬೇಕಿದ್ದ ಪ್ರಶ್ನೆಯನ್ನ ಕೋವಿಡ್ಡಿನಲ್ಲಿ ಕೇಳಬೇಕಾಯ್ತು.

ಅದೇ ವರ್ಷ ಜುಲೈ 7ರಂದು ರಾಜಗೃಹಕ್ಕೆ ಕಿಡಿಗೇಡಿಗಳು ನುಗ್ಗಿ ಹೂಕುಂಡ ಒಡೆದರು, ಕಿಟಕಿ ಗಾಜು, ಕ್ಯಾಮೆರಾ ಒಡೆದರು. ಸುದ್ದಿ ಬಂದಾಗ ನನ್ನ ಮಗಳು ಅಡುಗೆಮನೆ ಹೊಸ್ತಿಲ ಮೇಲೆ ಕೂತು ಫೋನಲ್ಲಿ ಪಿಯುಸಿ ಪಾಠ ಕೇಳ್ತಿದ್ದಳು. ಸಿಗ್ನಲ್ಲು ಅಲ್ಲಿ ಮಾತ್ರ ಸಿಗ್ತಿತ್ತು. ಮುಂದಿನ ವರ್ಷ ಜೂನ್ 11ರಂದು ಸಿದ್ಧಲಿಂಗಯ್ಯನವರನ್ನೂ ಕೋವಿಡ್ಡು ತಗೊಂಡುಹೋಯ್ತು.

ನನ್ನದೂ ಒಂದು ಇದೆ, ಹೇಳಿ ಮುಗಿಸ್ತೀನಿ. ಆ ದಿನಗಳಲ್ಲಿ ಕಚೇರಿ ಮೀಟಿಂಗು ವಿಡಿಯೋದಲ್ಲಿ ನಡೀತಿತ್ತು. ನನ್ನ ಹಿಂದೆ ಗೋಡೆ ಮೇಲೆ ಬಾಬಾಸಾಹೇಬರ ಫೋಟೋ. ಮೇಲಿನವರೊಬ್ಬರು ಎಲ್ಲರ ಮುಂದೆ, "ಹಿಂದಿನ ಫೋಟೋ ಕಾಣದ ಹಾಗೆ ಕೂತ್ಕೊಳ್ಳಿ, ಇದು ಆಫೀಸ್ ಮೀಟಿಂಗು" ಅಂದರು. ಪರದೆಯ ಬೇರೆ ಚೌಕಗಳಲ್ಲಿ ಗಣಪತಿ ಇದ್ದ, ವೆಂಕಟರಮಣ ಇದ್ದ, ಗುರುಗಳ ಪಾದುಕೆ ಇತ್ತು. ನಾನು ಏನೂ ಅನ್ನದೆ ಕ್ಯಾಮೆರಾ ಆಫ್ ಮಾಡಿದೆ. ನಮ್ಮ ಮನೆಯಲ್ಲಿ ಫೋಟೋ ಇಲ್ಲದ ಗೋಡೆ ಒಂದೇ, ಅದು ಅಡುಗೆಮನೆಯದು, ಮಸಿ ಹಿಡಿದದ್ದು. ಆ ಗೋಡೆ ತೋರಿಸೋಕೆ ನಾಚಿಕೆ ಆಯ್ತು. ಇವತ್ತಿಗೂ ನನಗೆ ಬೇಜಾರಿರೋದು ಅವರ ಮಾತಿಗಲ್ಲ, ನನ್ನ ನಾಚಿಕೆಗೆ.

ಅದಕ್ಕೇ ಮಗಳು "ಯಾವ ಗೋಡೆ" ಅಂದಾಗ ಎದೆ ಧಸಕ್ ಅಂದಿದ್ದು.

ಈಗ ಏನು ಮಾಡಿದ್ವಿ ಅಂದರೆ: ಶೀಟಿನ ಕೋಣೆಯಲ್ಲಿ ಅವ್ವನ ಮಂಚವನ್ನ ಇನ್ನೊಂದು ಗೋಡೆಗೆ ಸರಿಸಿದ್ವಿ. ನಮ್ಮ ಕೇರಿಯ ಬಡಗಿ ಹುಡುಗ ಬಂದು, ಕಿಟಕಿ ಕೆಳಗೆ ಗೋಡೆಗೆ ಕೀಲು ಹಾಕಿ ಒಂದು ಹಲಗೆ ಕೂರಿಸಿದ. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಬೇಕಾದಾಗ ಎತ್ತಿ ಕೆಳಗೆ ಕೋಲು ಕೊಡೋದು, ಬೇಡದಾಗ ಮಡಚಿ ಗೋಡೆಗೆ ಒರಗಿಸೋದು. ಮೊದಲು ಸ್ವಲ್ಪ ಎತ್ತರ ಆಗಿ ಅವಳ ಭುಜ ನೋಯ್ತು, ಎರಡು ಇಂಚು ಇಳಿಸಿದ. ಬಾಗಿಲಿಗೆ ಹಳೇ ಕಂಬಳಿ ನೇತುಹಾಕಿದರೆ ಸದ್ದು ಎಷ್ಟೋ ಕಮ್ಮಿ. ಅವಳ ಶಿಫ್ಟು ಮಧ್ಯಾಹ್ನ ಎರಡರಿಂದ ರಾತ್ರಿ ಹನ್ನೊಂದು. ಹೆಂಡತಿ ಮಿಷನ್ನನ್ನ ನಡುಮನೆಗೆ ತಂದುಕೊಂಡಿದ್ದಾಳೆ, ಈ ಸಲ ಅವಳ ಕೆಲಸ ನಿಲ್ಲಲ್ಲ. ನನ್ನ ಭಾಷಣ ಬರೆಯೋದು ಅಡುಗೆಮನೆಗೆ ಹೋಯ್ತು. ಅವ್ವ ಮಾತ್ರ, "ಅವಳು ಮಾತಾಡ್ತಿರ್ಲಿ ಬಿಡ್ಲಾ, ನಂಗೆ ನಿದ್ದೆ ಎಲ್ಲಿ ಬತ್ತದೆ" ಅಂತಾಳೆ.

ಫೋಟೋ ತೆಗೆದು ಕಳಿಸಿದಳು. ಹಲಗೆ, ಕುರ್ಚಿ, ಲ್ಯಾಪ್‌ಟಾಪು, ಮೇಲೆ ಬಾಬಾಸಾಹೇಬರು. ತೆಗೀಲಾ ಅಂತ ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಪ್ರತ್ಯೇಕ ಕೋಣೆ ಇದೆಯೇ ಅನ್ನೋ ಕಡೆ "ಇಲ್ಲ" ಅಂತಲೇ ಬರೆದಳು. ಉತ್ತರ ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ. ನಮ್ಮ ಅಂಬೇಡ್ಕರ್ ಭವನ ವರ್ಷಕ್ಕೆ ನಾಲ್ಕು ಮದುವೆ, ಎರಡು ಜಯಂತಿ ಬಿಟ್ಟರೆ ಬೀಗ ಹಾಕಿರುತ್ತೆ. ಕೇರಿಯಲ್ಲಿ ಪರೀಕ್ಷೆ ಬರೆಯೋ ಮಕ್ಕಳು ಹದಿನಾಲ್ಕು, ಮನೆಯಿಂದ ಕೆಲಸ ಅಂತ ಕಾಯ್ತಿರೋರು ಮೂರು ಜನ. ಬೀಗದ ಕೈ ಯಾರ ಹತ್ರ ಇದೆ ಅಂತ ಹುಡುಕೋಕೆ ಎರಡು ದಿನ ಆಯ್ತು, ಸಿಕ್ಕಿದೆ. ಒಳಗೆ ಟ್ಯೂಬ್‌ಲೈಟು ನಾಲ್ಕು ಇವೆ, ಎರಡು ಉರಿಯಲ್ಲ. ಪ್ಲಗ್ ಪಾಯಿಂಟು ಒಂದೇ, ಅದೂ ಸ್ಟೇಜಿನ ಮೇಲೆ. ಭಾನುವಾರ ಬೆಳಗ್ಗೆ ಹತ್ತಕ್ಕೆ ಸೇರ್ತಾ ಇದ್ದೀವಿ. ವೈರಿಂಗ್ ಗೊತ್ತಿರೋರು ಬನ್ನಿ, ಹಳೇ ಮೇಜು ಬೆಂಚು ಇರೋರು ಇನ್‌ಬಾಕ್ಸ್ ಮಾಡಿ, ಆಟೋ ನಾವೇ ತರ್ತೀವಿ.

ಜೈ ಭೀಮ್.